ಷೆಂಗೆನ್ ವೀಸಾ ರಿವ್ಯೂ: ಬಾಗಿಲು ಬಿಗಿ, ಒಳಗೆ ಬಯಲು

ಹೋಟ್ಲು, ಫೋನು, ಮಿಕ್ಸಿ ಎಲ್ಲದಕ್ಕೂ ರಿವ್ಯೂ ಬರೀತಾರೆ, ವೀಸಾಗೆ ಮಾತ್ರ ಯಾರೂ ಬರಿಯಲ್ಲ. ದುಡ್ಡು ಕೊಟ್ಟು ತಗೊಳ್ಳೋದೇ ತಾನೇ, ಅದೂ 90 ಯೂರೋ, ವೀಸಾ ಸಿಗದೇ ಹೋದ್ರೂ ಆ ದುಡ್ಡು ವಾಪಸ್ ಬರಲ್ಲ, ಹಂಗಿದ್ಮೇಲೆ ಸ್ಟಾರ್ ಕೊಡೋ ಹಕ್ಕು ನಮಗೂ ಇದೆ ಅಂತ ನನ್ನ ವಾದ. ಮೊದ್ಲೇ ಹೇಳ್ಬಿಡ್ತೀನಿ, ಕೌಂಟರ್‌ಗೆ ಒಂದೂವರೆ ಸ್ಟಾರ್. ಒಳಗೆ ಹೋದ್ಮೇಲೆ ಸಿಗೋದಕ್ಕೆ ಕೆಲವು ವರ್ಷದ ಹಿಂದೆ ಆಗಿದ್ರೆ ಕಣ್ಮುಚ್ಚಿ ಐದು ಕೊಡ್ತಿದ್ದೆ, ಈಗ ನಾಲ್ಕು.

ಗೊತ್ತಿಲ್ಲದೋರಿಗೆ: ಪಾಸ್‌ಪೋರ್ಟಲ್ಲಿ ಒಂದು ಸ್ಟಿಕ್ಕರ್ ಅಂಟಿಸಿ ಕೊಡ್ತಾರೆ, ಅದೊಂದಿದ್ರೆ 29 ದೇಶ. ಯುರೋಪಿಯನ್ ಯೂನಿಯನ್ನಿನ 27ರಲ್ಲಿ 25, ಜೊತೆಗೆ ಯೂನಿಯನ್ನಲ್ಲಿ ಇಲ್ಲದೇ ಇದ್ರೂ ಇದಕ್ಕೆ ಸೇರ್ಕೊಂಡಿರೋ ನಾರ್ವೆ, ಐಸ್‌ಲ್ಯಾಂಡ್, ಸ್ವಿಟ್ಜರ್ಲೆಂಡ್, ಲಿಕ್ಟನ್‌ಸ್ಟೈನ್. ಐರ್ಲೆಂಡ್ ತಾನಾಗೇ ಬೇಡ ಅಂತ ಹೊರಗೆ ನಿಂತಿದೆ, ಅದಕ್ಕೆ ಬ್ರಿಟನ್ ಜೊತೆ ಬೇರೆಯದೇ ಓಡಾಟದ ಒಪ್ಪಂದ ಇದೆ, ಸೈಪ್ರಸ್ ಇನ್ನೂ ಲೈನಲ್ಲಿದೆ. ಕ್ರೊಯೇಷಿಯಾ 2023 ಜನವರಿ 1ಕ್ಕೆ ಬಂತು. ರೊಮೇನಿಯಾ, ಬಲ್ಗೇರಿಯಾ ಕತೆ ಕೇಳಿದ್ರೆ ಪಾಪ ಅನ್ಸತ್ತೆ, 2007ರಿಂದ ಯೂನಿಯನ್ನಲ್ಲೇ ಇದ್ರೂ ವಿಮಾನ, ಹಡಗಿಗೆ 2024ರ ಮಾರ್ಚ್ ಕೊನೆ ತನಕ, ರಸ್ತೆ ರೈಲಿಗೆ 2025 ಜನವರಿ 1ರ ತನಕ ಬಾಗಿಲಲ್ಲೇ ನಿಲ್ಲಿಸಿದ್ರು. ಹಳೇ ಗೈಡ್‌ಗಳಲ್ಲಿ 26 ದೇಶ ಅಂತಿರತ್ತೆ, ಅದನ್ನ ಇಟ್ಕೊಂಡು ಪ್ಲ್ಯಾನ್ ಮಾಡ್ಬೇಡಿ.

ಈಗ ಕೌಂಟರ್. 2024ರ ಜೂನ್ 11ಕ್ಕೆ ಮುಂಚೆ ಫೀಸು 80 ಯೂರೋ ಇತ್ತು, ಅವತ್ತಿಂದ 90, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕೋರಿಗೆ ಫ್ರೀ. ಇದರ ಮೇಲೆ ಅರ್ಜಿ ತಗೊಳ್ಳೋ ಹೊರಗುತ್ತಿಗೆ ಸೆಂಟರಿನವರ ಸರ್ವಿಸ್ ಚಾರ್ಜು, ಅದು ಸಾಮಾನ್ಯವಾಗಿ ವೀಸಾ ಫೀಸಿನ ಅರ್ಧ ದಾಟಬಾರದು ಅಂತ ಕಾನೂನಿದೆ. ಆದ್ರೆ ಎಸ್ಸೆಮ್ಮೆಸ್ ಬೇಕಾ, ಕೊರಿಯರ್ ಬೇಕಾ, ಸೋಫಾ ಇರೋ ರೂಮಲ್ಲಿ ಕೂತ್ಕೊಂಡು ಕೊಡ್ತೀರಾ ಅಂತ ಒಂದೊಂದಾಗಿ ಮಾರೋಕೆ ಬರ್ತಾರಲ್ಲ ಅದು ಆ ಲೆಕ್ಕದಲ್ಲಿ ಬರಲ್ಲ. ಯಾವ ಸೆಂಟರು ಯಾವ ದೇಶದ್ದು ಅಂತ ಹೇಳಕ್ಕೆ ಹೋಗಲ್ಲ, ಹೋದೋರಿಗೆಲ್ಲ ಗೊತ್ತಿರೋ ಅನುಭವವೇ. ಫೋಟೋ ಸರಿಯಿಲ್ಲ ಇನ್ನೊಂದು ತೆಗೆಸಿ ಅಂದ್ರು, ಎಲ್ಲಿ ತೆಗೆಸೋದು ಅಂದ್ರೆ ಪಕ್ಕದಲ್ಲೇ ಅವರದ್ದೇ ಬೂತು.

ಕಾಗದದ ಮೇಲೆ ನೋಡಿದ್ರೆ ರೂಲ್ಸ್ ಎಲ್ಲ ಚೆನ್ನಾಗೇ ಇದೆ ಅನ್ನೋದೇ ಸಿಟ್ಟು ತರಿಸೋದು. ಪ್ರಯಾಣಕ್ಕೆ ಆರು ತಿಂಗಳು ಮುಂಚೆನೇ ಅರ್ಜಿ ಹಾಕ್ಬಹುದು, ಅಪಾಯಿಂಟ್‌ಮೆಂಟ್ ಸಾಮಾನ್ಯವಾಗಿ ಎರಡು ವಾರದೊಳಗೆ ಕೊಡ್ಬೇಕು, ಹದಿನೈದು ದಿನದಲ್ಲಿ ಹೌದೋ ಅಲ್ಲವೋ ಹೇಳ್ಬೇಕು, ಸಂಶಯ ಇದ್ರೆ 45 ದಿನ ತನಕ ಎಳೀಬಹುದು. ಬೇಸಿಗೆ ಸೀಸನ್ನಲ್ಲಿ ಸ್ಲಾಟ್ ಹುಡುಕಿದೋರನ್ನ ಕೇಳಿ, ಆ ಎರಡು ವಾರದ ಮಾತು ಹೇಳಿದ್ರೆ ನಗ್ತಾರೆ. ಇನ್ನೊಂದು, 2024ರ ಏಪ್ರಿಲ್ 18ರಂದು ಯುರೋಪಿಯನ್ ಕಮಿಷನ್ನು ಭಾರತದಲ್ಲಿರೋ ಭಾರತೀಯರಿಗೆ ಅಂತಲೇ ಒಂದು ನಿಯಮ ತಂತು: ಹಿಂದಿನ ಮೂರು ವರ್ಷದಲ್ಲಿ ಎರಡು ವೀಸಾ ತಗೊಂಡು ಸರಿಯಾಗಿ ಹೋಗಿ ಬಂದಿದ್ರೆ ಮುಂದಿಂದು ಎರಡು ವರ್ಷದ ಮಲ್ಟಿಪಲ್ ಎಂಟ್ರಿ, ಅಂದ್ರೆ ಎಷ್ಟು ಸಲ ಬೇಕಾದ್ರೂ ಒಳಗೆ ಹೋಗಿ ಬರೋ ವೀಸಾ, ಅದಾದ್ಮೇಲೆ ಸಾಮಾನ್ಯವಾಗಿ ಐದು ವರ್ಷದ್ದು. ಒಳ್ಳೇ ನಿಯಮ, ಇದಕ್ಕೆ ನನ್ನ ಮೆಚ್ಚುಗೆ ಇದೆ. ಆದ್ರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಆ ಲೆಕ್ಕ ಸರಿಯಾಗಿರೋರಿಗೂ ಹೋಟೆಲ್ ಬುಕಿಂಗ್ ಇರೋ ಅಷ್ಟೇ ದಿನಕ್ಕೆ ಅಳೆದು ಸಿಂಗಲ್ ಎಂಟ್ರಿ ಕೊಟ್ಟು ಕಳಿಸಿದ್ದು ನನ್ನ ಪರಿಚಯದೋರಲ್ಲೇ ಇದೆ. ಕವರಿಂಗ್ ಲೆಟರಲ್ಲಿ ಈ ನಿಯಮವನ್ನ ತಾರೀಕು ಸಮೇತ ಬರೆದು ಹಳೇ ವೀಸಾಗಳ ಕಾಪಿ ಲಗತ್ತಿಸಿ, ಕೇಳದೇ ಇದ್ರೆ ಅವರಾಗಿ ನೆನಪಿಸ್ಕೊಂಡು ಕೊಡೋದು ಕಷ್ಟ.

ರಿಜೆಕ್ಟ್ ಆಗೋ ವಿಷ್ಯ. 2024ರಲ್ಲಿ ಭಾರತದಿಂದ ಸುಮಾರು 11 ಲಕ್ಷ ಅರ್ಜಿ ಹೋಗಿದ್ವು, ಅದರಲ್ಲಿ ಹೆಚ್ಚುಕಮ್ಮಿ ನೂರಕ್ಕೆ ಹದಿನೈದು ತಿರಸ್ಕಾರ. ಅಷ್ಟೂ ಜನದ ಫೀಸು ಅಲ್ಲೇ ಉಳೀತು. ತಿರಸ್ಕಾರಕ್ಕೆ ಒಂದು ಅಚ್ಚು ಹಾಕಿದ ಫಾರಂ ಇರತ್ತೆ, ಕಾರಣದ ಮುಂದೆ ಟಿಕ್ ಹಾಕಿ ಕೊಡ್ತಾರೆ, ಅದರಲ್ಲಿ ಬಲು ಫೇಮಸ್ಸು ಯಾವುದು ಅಂದ್ರೆ ವೀಸಾ ಮುಗಿಯೋ ಮುಂಚೆ ವಾಪಸ್ ಹೋಗೋ ನಿಮ್ಮ ಉದ್ದೇಶದ ಬಗ್ಗೆ ಅನುಮಾನ ಇದೆ ಅನ್ನೋದು. ಉದ್ದೇಶಕ್ಕೆ ಎಲ್ಲಿಂದ ಸಾಕ್ಷಿ ತರೋದು ಸ್ವಾಮಿ, ಮನಸ್ಸಿಗೇನು ಎಕ್ಸ್‌ರೇ ತೆಗಿಸೋಕಾಗತ್ತಾ. ಸಂಬಳದ ಸ್ಲಿಪ್ಪು, ರಜೆ ಮಂಜೂರಾದ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲ ಕೊಟ್ಟ ಮೇಲೂ ಇದೇ ಟಿಕ್ ಬಿದ್ದಿದೆ ಜನಕ್ಕೆ. ಅಪೀಲ್ ಹಾಕೋ ಹಕ್ಕಿದೆ, ಯಾವ ದೇಶ ತಿರಸ್ಕರಿಸ್ತೋ ಆ ದೇಶದ ಕಾನೂನಿನ ಪ್ರಕಾರ, ಆದ್ರೆ ಅದು ಮುಗಿಯೋ ಹೊತ್ತಿಗೆ ಟಿಕೆಟ್ಟಿನ ತಾರೀಕು ಎಲ್ಲೋ ಹೋಗಿರತ್ತೆ. ಮುಂದೆ ಎಲ್ಲಾ ಆನ್‌ಲೈನ್ ಆಗತ್ತಂತೆ, 2023ರಲ್ಲೇ ಕಾನೂನು ಪಾಸಾಗಿದೆ, ಸ್ಟಿಕ್ಕರ್ ಬದಲು ಬಾರ್‌ಕೋಡು, ಮೊದಲ ಸಲ ಬೆರಳಚ್ಚಿಗೆ ಮಾತ್ರ ಹೋಗ್ಬೇಕು. ಬರ್ಲಿ, ನೋಡೋಣ.

ಸರಿ, ಕೌಂಟರ್ ದಾಟಿ ಒಳಗೆ ಹೋದ್ರಿ ಅಂದ್ಕೊಳ್ಳಿ. ಮೊದಲು ಇಳಿಯೋ ಏರ್‌ಪೋರ್ಟಲ್ಲಿ ಒಂದು ಸಲ ಇಮಿಗ್ರೇಷನ್ನು, ಅಲ್ಲಿಂದ ಮುಂದಕ್ಕೆ ಇನ್ನೊಂದು ದೇಶದ ಫ್ಲೈಟು ಹತ್ತಿದ್ರೂ ಅದು ಡೊಮೆಸ್ಟಿಕ್ ಲೆಕ್ಕ. ಇದು ಓದಿದ್ರೆ ಏನೂ ಅನ್ಸಲ್ಲ, ರೈಲಲ್ಲಿ ಟ್ರಾಮಲ್ಲಿ ಹೋದಾಗ ಗೊತ್ತಾಗತ್ತೆ. ಫ್ರಾನ್ಸಿನ ಸ್ಟ್ರಾಸ್‌ಬೋರ್ಗ್‌ನಲ್ಲಿ ಸಿಟಿ ಟ್ರಾಮು ಹತ್ತಿದ್ರೆ ರೈನ್ ನದಿ ದಾಟಿ ಜರ್ಮನಿಯ ಕೇಲ್ ಊರಲ್ಲಿ ಇಳಿಸತ್ತೆ, 2017ರಿಂದ ಓಡ್ತಿದೆ, ಮಾಮೂಲಿ ಊರೊಳಗಿನ ಟ್ರಾಮು, ಪಕ್ಕದಲ್ಲಿ ಕೂತ ಅಜ್ಜಿ ಸಾಮಾನು ತರೋ ಚೀಲ ಇಟ್ಕೊಂಡು ದೇಶ ದಾಟ್ತಿರ್ತಾರೆ, ತಲೆ ಎತ್ತಿ ಕೂಡ ನೋಡಲ್ಲ. ಎರಡು ಮಹಾಯುದ್ಧದಲ್ಲಿ ಈ ನದಿಗಾಗಿ ಎಷ್ಟು ಹೆಣ ಬಿದ್ದಿದೆ ಅಂತ ನೆನಪಾದ್ರೆ ಆ ಚೀಲ ಬೇರೆ ಥರ ಕಾಣತ್ತೆ. ಬೆಲ್ಜಿಯಂ ನೆದರ್‌ಲ್ಯಾಂಡ್ಸ್ ಗಡಿಯ ಬಾರ್ಲೆ ಅಂತ ಊರಿದೆ, ಅಲ್ಲಿ ಗಡಿ ಮನೆ ಮಧ್ಯದಲ್ಲೇ ಹಾದು ಹೋಗತ್ತೆ, ಮುಂಬಾಗಿಲು ಯಾವ ದೇಶದ ಕಡೆ ಇದೆಯೋ ಮನೆ ಆ ದೇಶದ್ದು ಅಂತ ರೂಢಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಜರ್ಮನಿಯ ವೈಲ್‌ಗೂ ಟ್ರಾಮ್ ಇದೆ, ಆದ್ರೆ ಅಲ್ಲೊಂದು ಹುಷಾರು: ಸ್ವಿಸ್ ಷೆಂಗೆನ್‌ನಲ್ಲಿದೆ, ಯೂನಿಯನ್ನಿನ ಕಸ್ಟಮ್ಸ್ ಕೂಟದಲ್ಲಿ ಇಲ್ಲ, ಹಂಗಾಗಿ ನಿಮ್ಮನ್ನ ತಡೀದೇ ಇದ್ರೂ ನಿಮ್ಮ ಬ್ಯಾಗನ್ನ ತಡೀಬಹುದು.

ಷೆಂಗೆನ್ ಅನ್ನೋ ಊರಿಗೇ ಹೋಗಿ ಬನ್ನಿ ಅಂತ ಜೋರಾಗಿ ರೆಕಮೆಂಡ್ ಮಾಡ್ತೀನಿ. ಲಕ್ಸೆಂಬರ್ಗ್‌ನ ಮೊಸೆಲ್ ನದಿ ದಡದ ಪುಟ್ಟ ದ್ರಾಕ್ಷಿ ಬೆಳೆಯೋ ಊರು, ಸೇತುವೆ ದಾಟಿದ್ರೆ ಜರ್ಮನಿಯ ಪೆರ್ಲ್, ಅಲ್ಲಿಂದ ನದಿಗುಂಟ ಸ್ವಲ್ಪ ನಡೆದ್ರೆ ಫ್ರಾನ್ಸಿನ ಅಪಾಕ್. ಲಕ್ಸೆಂಬರ್ಗ್‌ನಲ್ಲಿ 2020ರಿಂದ ಬಸ್ಸು ರೈಲು ಟ್ರಾಮು ಎಲ್ಲಾ ಫ್ರೀ, ಫಸ್ಟ್ ಕ್ಲಾಸ್ ಬೇಕಂದ್ರೆ ಮಾತ್ರ ದುಡ್ಡು, ಹಂಗಾಗಿ ರಾಜಧಾನಿಯಿಂದ ಖರ್ಚೇ ಇಲ್ಲದೆ ಹೋಗ್ಬಹುದು. 1985ರ ಜೂನ್ 14ಕ್ಕೆ ಅಲ್ಲಿ ನದಿ ಮೇಲೆ ಪ್ರಿನ್ಸೆಸ್ ಮರಿ ಆಸ್ಟ್ರಿಡ್ ಅನ್ನೋ ಹಡಗಲ್ಲಿ ಕೂತು ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್, ಫ್ರಾನ್ಸ್, ಆಗಿನ ಪಶ್ಚಿಮ ಜರ್ಮನಿ ತಮ್ಮ ನಡುವಿನ ಗಡಿ ತಪಾಸಣೆ ತೆಗೆಯೋ ಷೆಂಗೆನ್ ಒಪ್ಪಂದಕ್ಕೆ ಸಹಿ ಹಾಕಿದ್ದು. ದೊಡ್ಡ ನಾಯಕರು ಒಬ್ರೂ ಬಂದಿರ್ಲಿಲ್ಲ, ಎಲ್ಲಾ ಎರಡನೇ ಸಾಲಿನ ಮಂತ್ರಿಗಳು, ಕಾರ್ಯದರ್ಶಿಗಳು, ಇದು ಎಲ್ಲಿ ಉಳಿಯತ್ತೆ ಅನ್ನೋ ಅಸಡ್ಡೆ ಇತ್ತು ಅನ್ಸತ್ತೆ. ಯೂನಿಯನ್ನಿಗೂ ಮುಂಚಿನ ಯುರೋಪಿಯನ್ ಕೂಟದ ಆಗಿನ ಹತ್ತು ಸದಸ್ಯ ದೇಶಗಳಲ್ಲಿ ಉಳಿದೋರು ಒಪ್ಪಲಿಲ್ಲ ಅಂತ ಐದೇ ಜನ ಕೂಟದ ಹೊರಗೆ ಮಾಡ್ಕೊಂಡಿದ್ದು, ಆಮ್ಸ್ಟರ್‌ಡ್ಯಾಂ ಒಪ್ಪಂದ ಜಾರಿಯಾದ 1999ರಲ್ಲಿ ಅದು ಯೂನಿಯನ್ ಕಾನೂನಿಗೆ ಸೇರ್ತು.

ಹಡಗಿನ ಆ ಸಹಿಗೂ ಒಂದು ವರ್ಷ ಹಿಂದಿನ ಕತೆ ನನಗೆ ಇನ್ನೂ ಇಷ್ಟ. 1984ರ ಶುರುವಲ್ಲಿ ಗಡಿಯಲ್ಲಿ ಕಸ್ಟಮ್ಸ್ ನೌಕರರು ಮುಷ್ಕರ ಹೂಡಿ ಕೆಲಸ ನಿಧಾನ ಮಾಡಿದ್ರು, ಚಳಿಯಲ್ಲಿ ಸಿಕ್ಕಾಕ್ಕೊಂಡ ಲಾರಿ ಡ್ರೈವರ್‌ಗಳು ರೊಚ್ಚಿಗೆದ್ದು ಫ್ರಾನ್ಸಿನ ರಸ್ತೆಗಳನ್ನೇ ಬಂದ್ ಮಾಡಿದ್ರು. ಅದೇ ಜುಲೈನಲ್ಲಿ ಫ್ರಾನ್ಸಿನ ಅಧ್ಯಕ್ಷ ಮಿತ್ತೆರಾಂ, ಪಶ್ಚಿಮ ಜರ್ಮನಿಯ ಚಾನ್ಸಲರ್ ಕೋಲ್ ಇಬ್ರ ಸರ್ಕಾರ ಸಾರ್‌ಬ್ರೂಕೆನ್‌ನಲ್ಲಿ ತಪಾಸಣೆ ಸಡಿಲ ಮಾಡೋ ಒಪ್ಪಂದಕ್ಕೆ ಬಂತು. 1985ರ ಷೆಂಗೆನ್ ಒಪ್ಪಂದದಲ್ಲಿ ಇನ್ನೊಂದು ಮಜಾ ಇದೆ, ಕಾರಿನ ಮುಂದಿನ ಗಾಜಿಗೆ ಕನಿಷ್ಠ ಎಂಟು ಸೆಂಟಿಮೀಟರಿನ ಹಸಿರು ಬಿಲ್ಲೆ ಅಂಟಿಸ್ಕೊಂಡ್ರೆ ನಿಲ್ಲಿಸದೇ ಬರೀ ನೋಡಿ ಬಿಡ್ಬೇಕು ಅಂತ. ನಿಜವಾಗಿ ಗಡಿ ತಪಾಸಣೆ ಹೋಗಿದ್ದು 1995ರ ಮಾರ್ಚ್ 26ಕ್ಕೆ, ಅಷ್ಟೊತ್ತಿಗೆ ಸ್ಪೇನ್, ಪೋರ್ಚುಗಲ್ ಸೇರಿ ಏಳು ದೇಶ ಆಗಿತ್ತು. ಊರಲ್ಲಿ ಮ್ಯೂಸಿಯಂ ಇದೆ, ಬರ್ಲಿನ್ ಗೋಡೆಯ ತುಂಡು ಇದೆ, ಆ ಹಡಗನ್ನೂ 40ನೇ ವರ್ಷದ ನೆಪದಲ್ಲಿ ವಾಪಸ್ ತಂದು ಕಟ್ಟಿ ಹಾಕಿದಾರೆ. ಊಟದ ಜಾಗ ಕಮ್ಮಿ, ಏನಾದ್ರೂ ಕಟ್ಕೊಂಡು ಹೋಗಿ.

ಇಷ್ಟೆಲ್ಲ ಓದಿ ನಮಗೋಸ್ಕರ ಮಾಡಿದಾರೆ ಅಂದ್ಕೋಬೇಡಿ, ಅದನ್ನ ಹೇಳೋಕೇ ಈ ರಿವ್ಯೂ. ಈ ಸರ್ವಿಸಿನ ಅಸಲಿ ಗಿರಾಕಿ ಟೂರಿಸ್ಟ್ ಅಲ್ಲ. ಆ ಲಾರಿ ಡ್ರೈವರು, ಆ ಚೀಲದ ಅಜ್ಜಿ, ಒಂದು ದೇಶದಲ್ಲಿ ಮಲಗಿ ಇನ್ನೊಂದರಲ್ಲಿ ಕೆಲಸ ಮಾಡೋರು. ದಿನಕ್ಕೆ ಸುಮಾರು 35 ಲಕ್ಷ ಜನ ಈ ಒಳಗಿನ ಗಡಿಗಳನ್ನ ದಾಟ್ತಾರೆ ಅಂತ ಯೂನಿಯನ್ನಿನ ಲೆಕ್ಕ. ಲಕ್ಸೆಂಬರ್ಗ್‌ಗೆ ಒಂದಕ್ಕೇ ಪಕ್ಕದ ಫ್ರಾನ್ಸ್, ಜರ್ಮನಿ, ಬೆಲ್ಜಿಯಂನಿಂದ 2 ಲಕ್ಷಕ್ಕೂ ಮಿಕ್ಕಿ ಜನ ಕೆಲಸಕ್ಕೆ ಬಂದು ಹೋಗ್ತಾರೆ, ಅಲ್ಲಿಯ ನೌಕರರಲ್ಲಿ ಹತ್ತಿರಹತ್ತಿರ ಅರ್ಧ ಇವರೇ. ಇವರಿಗೂ ಗಡಿ ಪೂರ್ತಿ ಹೋಗಿಲ್ಲ ಅನ್ನೋದು ಬೇರೆ, ಮನೆಯಿಂದಲೇ ಕೆಲಸ ಮಾಡಿದ ದಿನ ವರ್ಷಕ್ಕೆ 34 ದಾಟಿದ್ರೆ ಆ ದಿನಗಳ ಸಂಬಳಕ್ಕೆ ಮನೆ ಇರೋ ದೇಶಕ್ಕೆ ಟ್ಯಾಕ್ಸ್ ಕಟ್ಬೇಕು, ರಸ್ತೆಯಿಂದ ಎತ್ತಿದ ಗಡಿ ಟ್ಯಾಕ್ಸ್ ಫಾರಂ ಒಳಗೆ ಹೋಗಿ ಕೂತಿದೆ. ಗಡಿ ಇಲ್ಲದೇ ಇರೋದು ಇವರಿಗೆ ಎಷ್ಟು ಅಭ್ಯಾಸ ಆಗಿದೆ ಅಂತ 2020ರ ಮಾರ್ಚಲ್ಲಿ ಕೋವಿಡ್ ಬಂದಾಗ ಗೊತ್ತಾಯ್ತು, ಜರ್ಮನಿಯ ಕಾನ್‌ಸ್ಟಾನ್ಸ್ ಮತ್ತೆ ಸ್ವಿಟ್ಜರ್ಲೆಂಡಿನ ಕ್ರಾಯ್ಟ್‌ಸ್ಲಿಂಗೆನ್ ಒಂದಕ್ಕೊಂದು ಅಂಟ್ಕೊಂಡಿರೋ ಊರುಗಳು, ಮಧ್ಯೆ ಬೇಲಿ ಬಿತ್ತು, ಪ್ರೇಮಿಗಳು ತಂತಿ ಬೇಲಿ ಆಚೆ ಈಚೆ ನಿಂತು ಮಾತಾಡಿದ್ರು, ಕೈ ತಾಗ್ತಿದಾರೆ ಅಂತ ಅದರ ಪಕ್ಕ ಇನ್ನೊಂದು ಬೇಲಿ ಹಾಕಿದ್ರು!

ಹಂಗಾಗಿ ನಾವು ವೀಸಾದಲ್ಲಿ ಕೊಳ್ಳೋದು ಅವರ ಹಕ್ಕಿನ ಪಕ್ಕದಲ್ಲಿ ನಡ್ಕೊಂಡು ಹೋಗೋ ಪರ್ಮಿಷನ್ ಅಷ್ಟೆ. ಓಡಾಡೋದು ಬೇರೆ, ಅಲ್ಲೇ ಬದುಕೋದು ಬೇರೆ. ಯೂನಿಯನ್ ಪ್ರಜೆ ಆಗಿದ್ರೆ ಇನ್ನೊಂದು ದೇಶಕ್ಕೆ ಹೋಗಿ ಮೂರು ತಿಂಗಳು ಯಾವ ಷರತ್ತೂ ಇಲ್ಲದೆ ಇರ್ಬಹುದು, ಬೇಕಾಗಿರೋದು ಐಡಿ ಕಾರ್ಡೋ ಪಾಸ್‌ಪೋರ್ಟೋ ಅಷ್ಟೆ, ಆಮೇಲೂ ಕೆಲಸ, ಓದು ಅಥವಾ ಕೈಯಲ್ಲಿ ಸಾಕಷ್ಟು ದುಡ್ಡು ಇದ್ರೆ ಮುಂದುವರಿಬಹುದು, ಐದು ವರ್ಷ ಆದ್ರೆ ಕಾಯಂ, 2004ರ ನಿರ್ದೇಶನ ಇದು. ಇದಕ್ಕೂ ಷೆಂಗೆನ್‌ಗೂ ಸಂಬಂಧನೇ ಇಲ್ಲ, ಐರ್ಲೆಂಡಲ್ಲೂ ಇದು ನಡಿಯತ್ತೆ, ಕಾರ್ಮಿಕರ ಮುಕ್ತ ಓಡಾಟ 1957ರ ರೋಮ್ ಒಪ್ಪಂದದಲ್ಲೇ ಬರೆದಿಟ್ಟಿದ್ದು. ಜರ್ಮನಿಯಲ್ಲಿ ಕೆಲಸದ ಪರ್ಮಿಟ್ ಇರೋ ನಮ್ಮ ಹುಡುಗರು ಕೆಲವರು ನೆದರ್‌ಲ್ಯಾಂಡ್ಸ್‌ಗೂ ಹೋಗಿ ಕೆಲಸ ಮಾಡ್ಬಹುದು ಅಂದ್ಕೊಂಡಿರ್ತಾರೆ, ಆಗಲ್ಲ ಗುರೂ. ಆ ಕಾರ್ಡಲ್ಲಿ ಬೇರೆ ಷೆಂಗೆನ್ ದೇಶಕ್ಕೆ 180 ದಿನದಲ್ಲಿ 90 ದಿನ ಸುತ್ತಾಡಕ್ಕೆ ಹೋಗ್ಬಹುದು, ಅಲ್ಲಿ ಸಂಬಳಕ್ಕೆ ಕೂರಕ್ಕೆ ಆ ದೇಶದ ಪರ್ಮಿಟ್ಟೇ ಬೇಕು. ಹೆಚ್ಚು ಕೌಶಲದ ಕೆಲಸದೋರಿಗೆ ಸಿಗೋ ಯೂನಿಯನ್ನಿನ ಬ್ಲೂ ಕಾರ್ಡ್ ಇದ್ರೆ ಒಂದು ವರ್ಷ ಆದ್ಮೇಲೆ ಅದರಲ್ಲಿ ಸೇರಿರೋ ಇನ್ನೊಂದು ದೇಶಕ್ಕೆ ಬದಲಾಯಿಸೋದು ಸ್ವಲ್ಪ ಸಲೀಸು, ಅಲ್ಲೂ ಅರ್ಜಿ ತಪ್ಪಲ್ಲ.

ಒಂದು ಸ್ಟಾರ್ ಯಾಕೆ ಕಿತ್ಕೊಂಡೆ ಅಂದ್ರೆ, ಒಳಗಿನ ತಪಾಸಣೆ ವಾಪಸ್ ಬಂದಿದೆ. ಫ್ರಾನ್ಸ್ 2015ರಿಂದ ತಾತ್ಕಾಲಿಕ ತಾತ್ಕಾಲಿಕ ಅಂತ ಎಳೀತಾ ಇದೆ. ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲಾ ಭೂ ಗಡಿಯಲ್ಲೂ ಶುರು ಮಾಡ್ತು, ಅಂದ್ರೆ ಷೆಂಗೆನ್ ಊರಿನ ಎದುರು ದಡದಲ್ಲೂ. ಎಲ್ಲಕ್ಕಿಂತ ಕಣ್ಣಿಗೆ ಹೊಡೆಯೋದು ಗೊರಿಜ಼ಿಯಾ. ಇಟಲಿಯ ಗೊರಿಜ಼ಿಯಾ, ಸ್ಲೊವೇನಿಯಾದ ನೋವಾ ಗೊರಿತ್ಸಾ, ಮಧ್ಯೆ ರೈಲ್ವೆ ಸ್ಟೇಷನ್ ಮುಂದಿನ ಒಂದೇ ಚೌಕ, ಮೊದಲು ಅಲ್ಲಿ ಬೇಲಿ ಇತ್ತು, 2004ರಲ್ಲಿ ತೆಗೆದ್ರು, ಈಗ ನೆಲದಲ್ಲಿ ಒಂದು ಗುರುತು ಮಾತ್ರ. 2025ಕ್ಕೆ ಎರಡೂ ಊರನ್ನ ಸೇರಿಸಿ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಅಂತ ಮಾಡಿದ್ರು, ಗಡಿ ಇಲ್ಲದ ಊರು ಅನ್ನೋದೇ ಘೋಷಣೆ, ಅದೇ ವರ್ಷ ಪೂರ್ತಿ ಸ್ಲೊವೇನಿಯಾ ಗಡಿಯಲ್ಲಿ ಇಟಲಿ ಪೊಲೀಸರ ತಪಾಸಣೆ, 2023ರ ಅಕ್ಟೋಬರಲ್ಲಿ ಶುರುವಾಗಿದ್ದು ನಿಂತೇ ಇರ್ಲಿಲ್ಲ. ಒಂದೇ ಬೆದರಿಕೆ ಹೇಳ್ಕೊಂಡು ಆರು ತಿಂಗಳ ಮೇಲೆ ಎಳೀಬಾರದು, ಹೊಸ ಬೆದರಿಕೆ ಇರ್ಬೇಕು ಅಂತ ಯುರೋಪಿನ ನ್ಯಾಯಾಲಯ 2022ರಲ್ಲಿ ಆಸ್ಟ್ರಿಯಾ ಕೇಸಲ್ಲಿ ಹೇಳಿತ್ತು. ಸರ್ಕಾರಗಳು ಏನು ಮಾಡಿದ್ವು, 2024ರಲ್ಲಿ ನಿಯಮವನ್ನೇ ತಿದ್ದಿ ಎರಡು ವರ್ಷ, ಬೇಕಂದ್ರೆ ಇನ್ನೂ ಒಂದು ವರ್ಷ ಅಂತ ಮಾಡ್ಕೊಂಡ್ವು.

ನಮ್ಮಂಥೋರಿಗೆ ಇದರಿಂದ ಆಗೋದು ಏನಂದ್ರೆ ನೈಟ್ ಬಸ್ಸಲ್ಲಿ ಸಡನ್ನಾಗಿ ಲೈಟ್ ಹಾಕ್ತಾರೆ, ಇಬ್ರು ಪೊಲೀಸರು ಹತ್ತಿ ಪಾಸ್‌ಪೋರ್ಟ್ ಅಂತಾರೆ. ಕೆಲವರ ಕಾರ್ಡನ್ನ ಕೈಗೂ ತಗೊಳ್ಳಲ್ಲ, ದೂರದಿಂದಲೇ ನೋಡಿ ಮುಂದೆ ಹೋಗ್ತಾರೆ. ನಮ್ಮದು ಬಂದಾಗ ಪುಟ ತಿರುಗಿಸಿ ಟಾರ್ಚ್ ಹಾಕಿ ವೀಸಾ ನೋಡಿ ಮುಖ ನೋಡಿ ಮತ್ತೆ ವೀಸಾ ನೋಡ್ತಾರೆ. ಮರ್ಯಾದೆಯಾಗೇ ಮಾತಾಡಿದ್ರು, ಅದು ಹೇಳ್ಬೇಕು. ಆದ್ರೂ ಅದೇ ಬಸ್ಸಿನ ಟಿಕೆಟ್ಟಿಗೆ ಅದೇ ದುಡ್ಡು ಕೊಟ್ಟಿದೀವಿ. ಗಡಿ ಇಲ್ಲ ಅಂತ ಪಾಸ್‌ಪೋರ್ಟ್ ರೂಮಲ್ಲಿ ಬಿಟ್ಟು ಡೇ ಟ್ರಿಪ್ ಹೋಗೋ ಧೈರ್ಯ ಮಾತ್ರ ಮಾಡ್ಬೇಡಿ.

ದಿನ ಎಣಿಸೋ ವಿಷ್ಯದಲ್ಲಿ ಸಡಿಲ ಇರ್ಬೇಡಿ. ಯಾವುದೇ 180 ದಿನದಲ್ಲಿ 90 ದಿನ, 29 ದೇಶಕ್ಕೂ ಸೇರಿಸಿ ಒಂದೇ ಲೆಕ್ಕ, ಬಂದ ದಿನ ಹೋದ ದಿನ ಎರಡೂ ಸೇರತ್ತೆ. ವೀಸಾ ಆರು ತಿಂಗಳಿಗಿದೆ ಅಂದ್ರೆ ಆರು ತಿಂಗಳು ಇರ್ಬಹುದು ಅಂತಲ್ಲ, ಸ್ಟಿಕ್ಕರಲ್ಲಿ ದಿನದ ಸಂಖ್ಯೆ ಬೇರೆ ಇರತ್ತೆ, ಅದನ್ನ ನೋಡಿ. ಮೊದಲು ಸೀಲ್ ನೋಡಿ ಕೈಯಲ್ಲಿ ಲೆಕ್ಕ ಹಾಕ್ತಿದ್ರು, 2025ರ ಅಕ್ಟೋಬರ್ 12ರಿಂದ ಎಂಟ್ರಿ ಎಕ್ಸಿಟ್ ಸಿಸ್ಟಮ್ ಅಂತ ಕಂಪ್ಯೂಟರ್ ವ್ಯವಸ್ಥೆ ಹಂತಹಂತವಾಗಿ ಬಂತು, ಮುಖದ ಫೋಟೋ ತಗೋತಾರೆ, ವೀಸಾ ಬೇಡದ ದೇಶದವರದ್ದಾದ್ರೆ ಬೆರಳಚ್ಚೂ ಅಲ್ಲೇ, ನಮ್ಮದು ವೀಸಾ ಅರ್ಜಿಲೇ ತಗೊಂಡಾಗಿರತ್ತೆ. ಒಂದು ದಿನ ಜಾಸ್ತಿ ಆದ್ರೂ ಅದೇ ಹೇಳತ್ತೆ. ಮೊದಲ ಏರ್‌ಪೋರ್ಟಲ್ಲಿ ಕನೆಕ್ಟಿಂಗ್ ಫ್ಲೈಟಿಗೆ ಟೈಮ್ ಧಾರಾಳ ಇಟ್ಕೊಳ್ಳಿ, ಈ ಕ್ಯೂ ಹೆಂಗಿರತ್ತೆ ಅಂತ ಹೇಳಕ್ಕಾಗಲ್ಲ.

ಎಲ್ಲಿ ಅರ್ಜಿ ಹಾಕೋದು ಅಂತ ಕೇಳೋರಿಗೆ: ಯಾವ ದೇಶದಲ್ಲಿ ಜಾಸ್ತಿ ದಿನ ಇರ್ತೀರೋ ಅಲ್ಲಿಗೆ, ದಿನ ಸಮ ಇದ್ರೆ ಮೊದಲು ಕಾಲಿಡೋ ದೇಶಕ್ಕೆ. ಸ್ಲಾಟ್ ಸಿಕ್ತು ಅಂತ ಯಾವುದೋ ದೇಶದ್ದು ತಗೊಂಡು ಅಲ್ಲಿಗೆ ಹೋಗದೇ ಇರೋದು ಬೇಡ, ಮುಂದಿನ ಅರ್ಜಿಗೆ ಹೊಡೆತ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು, ಎಲ್ಲಾ ಷೆಂಗೆನ್ ದೇಶಕ್ಕೂ ಅನ್ವಯ ಆಗ್ಬೇಕು. ಸಿಂಗಲ್ ಎಂಟ್ರಿ ಸಿಕ್ಕಿದ್ರೆ ಮಧ್ಯದಲ್ಲಿ ಲಂಡನ್ನು ಡಬ್ಲಿನ್ನು ಅಂತ ಹೊರಗೆ ಹಾರಬೇಡಿ, ಅವಕ್ಕೆ ವೀಸಾ ಬೇರೆ ಅನ್ನೋದು ಒಂದು ಕಡೆ, ಇತ್ತ ನಿಮ್ಮ ಎಂಟ್ರಿ ಮುಗಿದೇ ಹೋಯ್ತು. ಎಲ್ಲರೂ ಎಡವೋದು ಅಂಡೋರಾದಲ್ಲಿ, ಫ್ರಾನ್ಸು ಸ್ಪೇನ್ ಮಧ್ಯೆ ಇರೋ ಪುಟ್ಟ ಬೆಟ್ಟದ ದೇಶ, ಷೆಂಗೆನ್‌ನಲ್ಲಿ ಇಲ್ಲ, ಅದಕ್ಕೆ ಏರ್‌ಪೋರ್ಟೂ ಇಲ್ಲ, ಒಳಗೆ ಬಸ್ಸಲ್ಲಿ ಸಲೀಸಾಗಿ ಹೋಗ್ಬಿಡ್ತೀರಿ, ವಾಪಸ್ ಬರಕ್ಕೆ ಇನ್ನೊಂದು ಎಂಟ್ರಿ ಬೇಕು. ಮೊನಾಕೋ, ಸ್ಯಾನ್ ಮರಿನೋ, ವ್ಯಾಟಿಕನ್‌ಗೆ ಈ ತಲೆನೋವು ಇಲ್ಲ, ಆರಾಮಾಗಿ ನಡ್ಕೊಂಡು ಒಳಗೆ ಹೋಗಿ.